ಹಡಗಿನಿಂದ ಬಿದ್ದರೆ ಕೇಸು, ಹೊಳೆಯಿಂದ ಬಂದರೆ ಯಾರ ಲೆಕ್ಕ?

2025ರ ಮೇ 25ರಂದು ಎಂಎಸ್‌ಸಿ ಎಲ್ಸಾ-3 ಎಂಬ ಸರಕು ಹಡಗು ವಿಳಿಂಜಂನಿಂದ ಕೊಚ್ಚಿಗೆ ಬರುವ ದಾರಿಯಲ್ಲಿ ಕೇರಳದ ಕಡಲಲ್ಲಿ ಮುಳುಗಿತು. ಅದರಲ್ಲಿದ್ದ 24 ಸಿಬ್ಬಂದಿ ಬದುಕಿಕೊಂಡರು. ಆದರೆ 640 ಕಂಟೇನರ್‌ಗಳಲ್ಲಿ ಹಲವು ಒಡೆದವು. ಕೆಲವೇ ದಿನಗಳಲ್ಲಿ ತಿರುವನಂತಪುರದ ಕಡಲತೀರಗಳಲ್ಲಿ ಯಾರೋ ಮೂಟೆಗಟ್ಟಲೆ ಸಾಬಕ್ಕಿ ಚೆಲ್ಲಿದಂತೆ ಬಿಳಿ ಕಾಳುಗಳು ಹರಡಿಕೊಂಡವು. ಬಕೆಟ್ಟು, ಕವರು, ಚಮಚ, ಬಾಟಲಿ ಯಾವುದನ್ನೇ ಮಾಡುವ ಮೊದಲು ಕಾರ್ಖಾನೆಗೆ ಬರುವ ಕಚ್ಚಾ ಪ್ಲಾಸ್ಟಿಕ್ ಇರುವುದು ಈ ರೂಪದಲ್ಲೇ. ಮರಳಿನಿಂದ ಅದನ್ನು ಬೇರ್ಪಡಿಸಲು ಸ್ವಯಂಸೇವಕರು ಜರಡಿ ಹಿಡಿದು ಕೂತರು.

ಕೇರಳ ಸರ್ಕಾರ ಸುಮ್ಮನಿರಲಿಲ್ಲ. ಹಡಗು ಕಂಪನಿಯಿಂದ 9,531 ಕೋಟಿ ರೂಪಾಯಿ ಪರಿಹಾರ ಕೊಡಿಸಿ ಅಂತ ಹೈಕೋರ್ಟ್‌ಗೆ ಹೋಯ್ತು. ಅದೇ ವರ್ಷದ ಜುಲೈನಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ ಕೂಡ ಇಂಥದ್ದೇ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2021ರಲ್ಲಿ ಕೊಲಂಬೊ ಬಳಿ ಹೊತ್ತಿ ಉರಿದು ಮುಳುಗಿದ ಎಕ್ಸ್-ಪ್ರೆಸ್ ಪರ್ಲ್ ಹಡಗಿನಲ್ಲಿ ಸುಮಾರು 1,680 ಟನ್ ಪ್ಲಾಸ್ಟಿಕ್ ಕಾಳುಗಳಿದ್ದವು. ಅದಕ್ಕೆ ಸಂಬಂಧಪಟ್ಟವರು 100 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ಕೋರ್ಟ್ ಹೇಳಿತು.

ಇಲ್ಲಿಯವರೆಗೆ ಎಲ್ಲವೂ ಸರಿ. ಹಡಗಿಗೆ ಹೆಸರಿದೆ, ಮಾಲೀಕ ಇದ್ದಾನೆ, ವಿಮೆ ಇದೆ. ಹಾಗಾಗಿ ಯಾರನ್ನು ಕೇಳಬೇಕು ಅನ್ನೋದು ಗೊತ್ತಿದೆ. ಆದರೆ ಅದೇ ಕಡಲಿಗೆ, ಪ್ರತಿ ಮಳೆಗಾಲದಲ್ಲೂ, ನಮ್ಮ ಹೊಳೆ-ತೋಡುಗಳ ಮೂಲಕ ಇಳಿಯುವ ಪ್ಲಾಸ್ಟಿಕ್‌ಗೆ? ಅದಕ್ಕೆ ಹೆಸರಿಲ್ಲ. ಕೇಸು ಹಾಕೋದು ಯಾರ ಮೇಲೆ?

ಲೆಕ್ಕವೇ ತಾಳೆಯಾಗುತ್ತಿಲ್ಲ

2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬ್ರಿಟನ್‌ನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರ ಒಂದು ಅಧ್ಯಯನ ಬಂತು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5.2 ಕೋಟಿ ಟನ್ ಪ್ಲಾಸ್ಟಿಕ್ ಯಾರ ಹಿಡಿತಕ್ಕೂ ಸಿಗದೆ ಪರಿಸರ ಸೇರುತ್ತಿದೆ. ಅದರಲ್ಲಿ ಭಾರತದ ಪಾಲು 93 ಲಕ್ಷ ಟನ್, ಎಲ್ಲ ದೇಶಗಳಿಗಿಂತ ಹೆಚ್ಚು. ಜಗತ್ತಿನ ಒಟ್ಟು ಲೆಕ್ಕದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಬಯಲಲ್ಲಿ ಸುಟ್ಟದ್ದು, ಉಳಿದದ್ದು ರಸ್ತೆ ಬದಿ, ಗದ್ದೆ, ಚರಂಡಿ, ನದಿಗಳಲ್ಲಿ ಬಿದ್ದದ್ದು. ಬಿದ್ದದ್ದೆಲ್ಲವೂ ಸಮುದ್ರ ಸೇರಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡಬೇಕು. ಆದರೆ ಸಮುದ್ರಕ್ಕೆ ಹೋಗುವುದು ಈ ರಾಶಿಯಿಂದಲೇ.

ಈಗ ಸರ್ಕಾರದ ಅಂಕಿ ನೋಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ 2020-21ರಲ್ಲಿ ದೇಶದಲ್ಲಿ ಉತ್ಪತ್ತಿಯಾದ ಒಟ್ಟು ಪ್ಲಾಸ್ಟಿಕ್ ತ್ಯಾಜ್ಯವೇ ಸುಮಾರು 41 ಲಕ್ಷ ಟನ್. ಅಂದರೆ ನಾವು ಎಸೆದದ್ದೇ 41 ಲಕ್ಷ ಟನ್, ಅದರಲ್ಲಿ ಕೈತಪ್ಪಿ ಹೋದದ್ದು 93 ಲಕ್ಷ ಟನ್! ಎರಡರಲ್ಲಿ ಒಂದು ಲೆಕ್ಕ ಎಲ್ಲೋ ಮುಗ್ಗರಿಸಿದೆ. ಸಂಶೋಧಕರು ಕೊಡುವ ಕಾರಣ ಇಷ್ಟು: ಸರ್ಕಾರಿ ಅಂಕಿಗಳಲ್ಲಿ ಹಳ್ಳಿಗಳ ಕಸ, ಎತ್ತದೇ ಬಯಲಲ್ಲೇ ಸುಟ್ಟ ಕಸ, ಗುಜರಿಯವರು ಆಯ್ದುಕೊಂಡು ಹೋದ ಕಸ ಸೇರಿರುವುದಿಲ್ಲ. ಸ್ಥಳೀಯ ಸಂಸ್ಥೆಗಳು ಕಂಡದ್ದನ್ನು ಮಾತ್ರ ವರದಿ ಮಾಡುತ್ತವೆ. ಲಾರಿ ಬಾರದ ಊರಲ್ಲಿ ಕಸವೇ ಹುಟ್ಟಿಲ್ಲ ಅಂತ ಅರ್ಥ!

ಸಂಶೋಧಕರ ಅಂಕಿ ಅರ್ಧದಷ್ಟೇ ನಿಜ ಅಂದುಕೊಂಡರೂ ಲೆಕ್ಕ ಹಾಕಿ: 46 ಲಕ್ಷ ಟನ್. ಪರ್ಲ್ ಹಡಗಿನಲ್ಲಿದ್ದ ಕಾಳುಗಳ ತೂಕಕ್ಕೆ ಭಾಗಿಸಿದರೆ ದಿನಕ್ಕೆ ಏಳು ಹಡಗು. ಶ್ರೀಲಂಕಾದ ಇತಿಹಾಸದಲ್ಲೇ ಅತಿ ದೊಡ್ಡ ಕಡಲ ಪರಿಸರ ದುರಂತ ಅಂತ ಕರೆಸಿಕೊಂಡ ಘಟನೆಯಷ್ಟು ಪ್ಲಾಸ್ಟಿಕ್ಕು, ದಿನಕ್ಕೆ ಏಳು ಸಲ, ಸದ್ದಿಲ್ಲದೆ ನಮ್ಮ ಕೈತಪ್ಪುತ್ತಿದೆ.

ಪಚ್ಚನಾಡಿ ಕಲಿಸಿದ ಪಾಠ

ಈ ಅಂಕಿಗಳು ನೆಲದ ಮೇಲೆ ಹೇಗೆ ಕಾಣುತ್ತವೆ ಅಂತ ತಿಳಿಯಲು ಮಂಗಳೂರಿಗೆ ಹೋಗಬೇಕು. 2019ರ ಆಗಸ್ಟ್‌ನಲ್ಲಿ ಸುರಿದ ಮಳೆಗೆ ಪಚ್ಚನಾಡಿಯ ಮಹಾನಗರ ಪಾಲಿಕೆಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರದ ಕಡೆ ಹರಿಯಿತು. ಹೌದು, ಹರಿಯಿತು. ಮಣ್ಣು ಕುಸಿದಂತೆ ಒಮ್ಮೆಲೇ ಅಲ್ಲ, ದಿನಗಟ್ಟಲೆ ನಿಧಾನಕ್ಕೆ ಜಾರುತ್ತಾ ಬಂತು. ಅಡಿಕೆ ತೋಟ, ತೆಂಗಿನ ತೋಟ, ಮನೆಗಳು ಕಸದಡಿ ಹೋದವು. ಎರಡು ಡಜನ್‌ಗೂ ಹೆಚ್ಚು ಕುಟುಂಬಗಳು ಊರು ಬಿಟ್ಟವು. ಕಸದಿಂದ ಇಳಿದ ಕಪ್ಪು ನೀರು ತೋಡು ಹಿಡಿದು ಫಲ್ಗುಣಿ ನದಿ ಸೇರುತ್ತಿದೆ ಅನ್ನುವ ದೂರು ವರ್ಷಗಟ್ಟಲೆ ನಡೆಯಿತು.

ಫಲ್ಗುಣಿ, ಅಂದರೆ ಗುರುಪುರ ಹೊಳೆ, ನೇತ್ರಾವತಿಯ ಜೊತೆ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತದೆ. ಆ ಅಳಿವೆಯ ಒಳಗೇ ಮಂಗಳೂರಿನ ಮೀನುಗಾರಿಕಾ ದಕ್ಕೆ ಇದೆ. ದಕ್ಕೆಯಲ್ಲಿ ಟ್ರಾಲ್ ಬೋಟಿನವರ ಜೊತೆ ಮಾತಾಡಿದರೆ ಪ್ಲಾಸ್ಟಿಕ್ ಅನ್ನೋದು ಪರಿಸರ ದಿನಾಚರಣೆಯ ವಿಷಯವಾಗಿ ಬರೋದೇ ಇಲ್ಲ, ಕೂಲಿಯ ವಿಷಯವಾಗಿ ಬರುತ್ತದೆ. ಬಲೆ ಮೇಲೆತ್ತಿದಾಗ ಮೀನಿನ ಜೊತೆ ತೊಟ್ಟೆ, ಬಾಟಲಿ, ಹರಿದ ನೈಲಾನ್ ಬಲೆ ಬರುತ್ತದೆ. ಅದನ್ನು ಆರಿಸಿ ತೆಗೆಯುವ ಹೊತ್ತಿಗೆ ಯಾರೂ ಸಂಬಳ ಕೊಡಲ್ಲ. ದಡಕ್ಕೆ ತಂದರೆ ಹಾಕಲು ಜಾಗವಿಲ್ಲ. ಹಾಗಾಗಿ ಬಹಳಷ್ಟು ಸಲ ಬಂದದ್ದು ಮತ್ತೆ ನೀರಿಗೇ ಹೋಗುತ್ತದೆ. ಇದಕ್ಕೆ ಅವರನ್ನು ಬೈಯೋದು ಸುಲಭ. ಆದರೆ ಆ ತೊಟ್ಟೆ ಅವರ ಮನೆಯದ್ದಲ್ಲವಲ್ಲ.

ಬೆಂಗಳೂರಿನವರು 'ನಮಗೂ ಸಮುದ್ರಕ್ಕೂ ಏನು ಸಂಬಂಧ, ನಾವಿರೋದು 900 ಮೀಟರ್ ಎತ್ತರದಲ್ಲಿ' ಅನ್ನಬಹುದು. ಎತ್ತರದಲ್ಲಿರೋದೇ ಸಮಸ್ಯೆ. ರಾಜಕಾಲುವೆಗೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರುತ್ತದೆ. ಅಲ್ಲಿಂದ ತಮಿಳುನಾಡಿನಲ್ಲಿ ಹರಿದು ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ. ನಗರದ ಇನ್ನೊಂದು ಮಗ್ಗುಲಿನದ್ದು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ. ದಾರಿಯಲ್ಲಿ ಕೆರೆ, ಅಣೆಕಟ್ಟುಗಳು ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತವೆ ಅನ್ನೋದು ನಿಜ. ಅಲ್ಲಿ ಅದು ಬಿಸಿಲಿಗೆ ಒಣಗಿ, ಪುಡಿಯಾಗಿ, ಮುಂದಿನ ಪ್ರವಾಹಕ್ಕೆ ಕಾಯುತ್ತದೆ. 2021ರ ಒಂದು ಅಂತಾರಾಷ್ಟ್ರೀಯ ಅಧ್ಯಯನದ ಪ್ರಕಾರ ನದಿಗಳಿಂದ ಕಡಲಿಗೆ ಹೋಗುವ ಪ್ಲಾಸ್ಟಿಕ್‌ನ ಶೇ. 80ರಷ್ಟನ್ನು ಹೊರುವುದು ಸಾವಿರಕ್ಕೂ ಹೆಚ್ಚು ನದಿಗಳು. ಬಹಳಷ್ಟು ದೊಡ್ಡ ನದಿಗಳೇನಲ್ಲ. ಊರಿನ ನಡುವೆ ಹರಿದು ಬೇಗನೆ ಕಡಲು ಸೇರುವ ಚಿಕ್ಕ ಹೊಳೆಗಳು. ನಮ್ಮ ಕರಾವಳಿಯ ತುಂಬ ಇರೋದು ಇಂಥವೇ.

1,200 ಟನ್ ಮತ್ತು 10 ಟನ್

ಎಂಜಿನಿಯರಿಂಗ್ ಓದುವಾಗ ನಮಗೆ ಮೊದಲು ಕಲಿಸಿದ ಲೆಕ್ಕಗಳಲ್ಲಿ ಮಾಸ್ ಬ್ಯಾಲೆನ್ಸ್ ಒಂದು. ತುಂಬಾ ಸರಳ: ಒಳಗೆ ಬಂದದ್ದು ಒಂದೋ ಹೊರಗೆ ಹೋಗಿರಬೇಕು, ಇಲ್ಲವೇ ಒಳಗೇ ಉಳಿದಿರಬೇಕು. ಮೂರನೇ ದಾರಿ ಇಲ್ಲ. ಓದಿದ್ದರಲ್ಲಿ ಬಹಳಷ್ಟು ಮರೆತಿದ್ದೇನೆ, ಇದೊಂದು ಪತ್ರಿಕೋದ್ಯಮದಲ್ಲೂ ಕೆಲಸಕ್ಕೆ ಬರುತ್ತಿದೆ.

ಇದನ್ನು ದಕ್ಷಿಣ ಕನ್ನಡಕ್ಕೇ ಅನ್ವಯಿಸೋಣ. ಮಂಗಳೂರಿನ ಎಂಆರ್‌ಪಿಎಲ್‌ನ ಪಾಲಿಪ್ರೊಪಿಲೀನ್ ಘಟಕದ ಸಾಮರ್ಥ್ಯ ವರ್ಷಕ್ಕೆ 4.4 ಲಕ್ಷ ಟನ್. ದಿನಕ್ಕೆ ಸುಮಾರು 1,200 ಟನ್ ಪ್ಲಾಸ್ಟಿಕ್ ಕಾಳು. ಇದೇ ಜಿಲ್ಲೆಯ ತೆಂಕ ಎಡಪದವಿನಲ್ಲಿ ಹತ್ತಾರು ಗ್ರಾಮ ಪಂಚಾಯತ್‌ಗಳ ಒಣ ಕಸವನ್ನು ವಿಂಗಡಿಸುವ ಘಟಕವಿದೆ. ಉಡುಪಿ ಜಿಲ್ಲೆಯ ನಿಟ್ಟೆಯ ಘಟಕದ ಜೊತೆ ಸೇರಿ ರಾಜ್ಯದಲ್ಲಿ ಗ್ರಾಮೀಣ ಕಸ ನಿರ್ವಹಣೆಗೆ ಮಾದರಿ ಅನ್ನಿಸಿಕೊಂಡಿದೆ. ಅದರ ಸಾಮರ್ಥ್ಯ ದಿನಕ್ಕೆ 10 ಟನ್.

ಈ ಹೋಲಿಕೆಯಲ್ಲಿ ಅನ್ಯಾಯ ಆಗಬಾರದು. ಎಂಆರ್‌ಪಿಎಲ್ ಮಾಡುವ ಪ್ಲಾಸ್ಟಿಕ್ ದೇಶದ ತುಂಬ ಹೋಗುತ್ತದೆ. ಅದು ಅಕ್ಕಿ ಚೀಲವಾಗುತ್ತದೆ, ಕುರ್ಚಿಯಾಗುತ್ತದೆ, ಕಾರಿನ ಬಂಪರ್ ಆಗುತ್ತದೆ. ಎಲ್ಲವೂ ನಾಳೆಯೇ ಕಸವಾಗಲ್ಲ. ಆ ಕಾರ್ಖಾನೆ ಕಾನೂನು ಮೀರಿದ್ದೂ ಅಲ್ಲ. ನಾನು ಹೇಳುತ್ತಿರುವುದು ಪ್ರಮಾಣದ ಮಾತು. ಒಂದು ಕಡೆ ತಯಾರಿಕೆಗೆ ಸಾವಿರಾರು ಕೋಟಿಯ ಬಂಡವಾಳ, ಪೈಪ್‌ಲೈನು, ಬಂದರು, ರೈಲು. ಇನ್ನೊಂದು ಕಡೆ ಅದನ್ನು ವಾಪಸ್ ತರುವ ಕೆಲಸಕ್ಕೆ ಒಂದು ಶೆಡ್ಡು, ಒಂದು ಕನ್ವೇಯರ್ ಬೆಲ್ಟು, ಗ್ಲೌಸ್ ಹಾಕಿಕೊಂಡು ನಿಂತ ಕೆಲವು ಹೆಂಗಸರು. ಈ ಎರಡರ ನಡುವಿನ ವ್ಯತ್ಯಾಸವೇ ಗುಡ್ಡವಾಗುತ್ತದೆ, ಹೊಗೆಯಾಗುತ್ತದೆ, ಕಡಲಾಗುತ್ತದೆ.

ಜಗತ್ತಿನ ಲೆಕ್ಕವೂ ಬೇರೆಯಲ್ಲ. 2015ರವರೆಗೆ ಮನುಷ್ಯರು ತಯಾರಿಸಿದ ಪ್ಲಾಸ್ಟಿಕ್ಕು ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾದದ್ದು 630 ಕೋಟಿ ಟನ್. ಆ ಕಸದಲ್ಲಿ ಮರುಬಳಕೆಯಾದದ್ದು ಶೇ. 9 ಮಾತ್ರ.

ಕಡಲಿಗೆ ಹೋಗೋದು ಯಾವುದು?

ರಸ್ತೆಯಲ್ಲಿ ಬಿದ್ದ ನೀರಿನ ಬಾಟಲಿ ಎಷ್ಟು ಹೊತ್ತು ಅಲ್ಲಿರುತ್ತದೆ? ಬೆಂಗಳೂರಿನಲ್ಲಾದರೆ ಅರ್ಧ ದಿನವೂ ಇರಲ್ಲ, ಯಾರೋ ಆಯ್ದುಕೊಳ್ಳುತ್ತಾರೆ. ಗುಜರಿಯಲ್ಲಿ ಅದಕ್ಕೆ ಬೆಲೆಯಿದೆ. ಒಂದು ರೂಪಾಯಿಯ ಶಾಂಪೂ ಪ್ಯಾಕೆಟ್ಟು, ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್ಟು, ಗುಟ್ಕಾ ಚೀಟಿ? ಅವು ಮಳೆ ಬರುವವರೆಗೂ ಅಲ್ಲೇ ಇರುತ್ತವೆ. ಯಾಕಂದರೆ ಬೆಲೆಯಿಲ್ಲ.

ಬೆಲೆ ಯಾಕಿಲ್ಲ ಅನ್ನೋದಕ್ಕೆ ಕಾರಣ ಅದರ ರಚನೆಯಲ್ಲಿದೆ. ಚಿಪ್ಸ್ ಪ್ಯಾಕೆಟ್ ನೋಡಲು ಒಂದೇ ಹಾಳೆ, ಆದರೆ ಒಳಗೆ ಬೇರೆ ಬೇರೆ ಪ್ಲಾಸ್ಟಿಕ್ ಪದರಗಳು, ಕೂದಲಿಗಿಂತ ತೆಳುವಾದ ಅಲ್ಯೂಮಿನಿಯಂ ಲೇಪ, ಅಂಟು, ಶಾಯಿ. ಒಂದೊಂದು ಪದರ ಒಂದೊಂದು ಕೆಲಸಕ್ಕೆ: ತೇವ ತಡೆಯಲು, ಗಾಳಿ ತಡೆಯಲು, ಬಿಸಿಯಲ್ಲಿ ಅಂಟಿಸಲು. ಅದ್ಭುತವಾದ ಎಂಜಿನಿಯರಿಂಗ್, ಒಪ್ಪಿಕೊಳ್ಳಲೇಬೇಕು. ಆದರೆ ಈ ಪದರಗಳನ್ನು ಮತ್ತೆ ಬಿಡಿಸುವುದು ಲಾಭದಾಯಕವಾಗಿ ಆಗದ ಕೆಲಸ. ಅಂದರೆ ಇದು ಕಸವಾಗಲೆಂದೇ ವಿನ್ಯಾಸಗೊಂಡ ವಸ್ತು. ಗ್ರಾಹಕ ಅದನ್ನು ಎಲ್ಲಿ ಹಾಕಿದರೂ ಅದರ ಹಣೆಬರಹ ಕಾರ್ಖಾನೆಯಲ್ಲೇ ತೀರ್ಮಾನವಾಗಿದೆ.

ನಮ್ಮ ಕಾನೂನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಮರುಬಳಕೆ ಮಾಡಲಾಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕು ಅಂತ ಬರೆದಿತ್ತು. ಆ ಎರಡು ವರ್ಷ ಮುಗಿಯುವ ಹೊತ್ತಿಗೆ, 2018ರ ಮಾರ್ಚ್‌ನಲ್ಲಿ ತಿದ್ದುಪಡಿ ಬಂತು. ಮರುಬಳಕೆ ಆಗದಿದ್ದರೂ ಸುಟ್ಟು ಶಕ್ತಿ ಪಡೆಯಲು ಬಂದರೆ, ಅಥವಾ ಬೇರೆ ಯಾವುದೋ ಉಪಯೋಗ ಇದ್ದರೆ ಪರವಾಗಿಲ್ಲ ಅನ್ನೋ ಅರ್ಥದ ಕೆಲವು ಪದಗಳು ಸೇರಿಕೊಂಡವು. ಪ್ಲಾಸ್ಟಿಕ್ ಮೂಲತಃ ಪೆಟ್ರೋಲಿಯಂ, ಸುಟ್ಟರೆ ಶಾಖ ಬಂದೇ ಬರುತ್ತದೆ. ಹಾಗಾಗಿ ಈ ನಿಯಮದಡಿ ನಿಲ್ಲಿಸಬೇಕಾದ ಪ್ಯಾಕೆಟ್ಟೇ ಉಳಿಯಲಿಲ್ಲ! ಟಿವಿ ಚರ್ಚೆ ಇಲ್ಲ, ಪ್ರತಿಭಟನೆ ಇಲ್ಲ, ಬಹಳ ಜನರಿಗೆ ಗೊತ್ತೇ ಆಗಲಿಲ್ಲ.

2022ರ ಜುಲೈ 1ರಿಂದ ದೇಶದಾದ್ಯಂತ 19 ಬಗೆಯ ಏಕಬಳಕೆ ಪ್ಲಾಸ್ಟಿಕ್ ನಿಷೇಧವಾಯ್ತು. ಸ್ಟ್ರಾ, ಚಮಚ, ತಟ್ಟೆ, ಕಿವಿ ಕಡ್ಡಿ, ಐಸ್‌ಕ್ರೀಮ್ ಕಡ್ಡಿ, ಸಿಹಿತಿಂಡಿ ಡಬ್ಬದ ಮೇಲಿನ ಹಾಳೆ. ಒಳ್ಳೆಯದೇ. ಆದರೆ ಪಟ್ಟಿಯಲ್ಲಿ ಶಾಂಪೂ ಪ್ಯಾಕೆಟ್ ಇಲ್ಲ, ಚಿಪ್ಸ್ ಪ್ಯಾಕೆಟ್ ಇಲ್ಲ, ನೀರಿನ ಬಾಟಲಿ ಇಲ್ಲ. ಜ್ಯೂಸ್ ಪ್ಯಾಕೆಟ್ಟಿನ ಸ್ಟ್ರಾ ಕಾಗದದ್ದಾಯ್ತು, ಪ್ಯಾಕೆಟ್ ಹಾಗೇ ಇದೆ. ಕರ್ನಾಟಕವಂತೂ ಇದಕ್ಕಿಂತ ಆರು ವರ್ಷ ಮೊದಲೇ, 2016ರ ಮಾರ್ಚ್‌ನಲ್ಲಿ, ಎಷ್ಟೇ ದಪ್ಪದ್ದಿರಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್, ಫ್ಲೆಕ್ಸ್, ತಟ್ಟೆ-ಲೋಟ ಬೇಡ ಅಂತ ಆದೇಶ ಹೊರಡಿಸಿತ್ತು. ಆ ಆದೇಶ ಓದಿ, ಆಮೇಲೆ ನಿಮ್ಮೂರಿನ ಸರ್ಕಲ್ಲಿನಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ನೋಡಿ. ದಂಡ ಬೀಳೋದು ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವರಿಗೆ. ಕವರ್ ತಯಾರಿಸಿದ ಕಾರ್ಖಾನೆಯ ಬಾಗಿಲಿಗೆ ಬೀಗ ಬೀಳೋದು ಅಪರೂಪ.

ಕಂಪನಿಗಳು ತಾವು ಮಾರಿದ ಪ್ಲಾಸ್ಟಿಕ್‌ಗೆ ತಾವೇ ಹೊಣೆ ಹೊರಬೇಕು ಅನ್ನುವ ವ್ಯವಸ್ಥೆ 2022ರಿಂದ ಬಿಗಿಯಾಗಿದೆ. ಅದರಲ್ಲಿ ಕಂಪನಿ ತಾನೇ ಕಸ ಎತ್ತಬೇಕಿಲ್ಲ, ಮರುಬಳಕೆ ಮಾಡುವವರಿಂದ ಪ್ರಮಾಣಪತ್ರ ಕೊಂಡರೆ ಸಾಕು. 2023ರಲ್ಲಿ ಕೇಂದ್ರ ಮಂಡಳಿ ತಪಾಸಣೆ ಮಾಡಿದಾಗ ಗುಜರಾತ್, ಮಹಾರಾಷ್ಟ್ರ, ಕರ್ನಾಟಕದ ನಾಲ್ಕೇ ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದು ಸಿಕ್ಕಿಬಿತ್ತು. ಕಾಗದದಲ್ಲಿ ಮರುಬಳಕೆಯಾದ ಆ ಪ್ಲಾಸ್ಟಿಕ್ ನಿಜವಾಗಿ ಎಲ್ಲಿದೆ? ಮಾಸ್ ಬ್ಯಾಲೆನ್ಸ್ ನೆನಪಿಸಿಕೊಳ್ಳಿ.

ಜಿನೀವಾದಲ್ಲಿ ಮುರಿದ ಮಾತು

ಇದೆಲ್ಲ ಒಂದು ದೇಶ ಒಬ್ಬಂಟಿಯಾಗಿ ಬಗೆಹರಿಸುವ ವಿಷಯವಲ್ಲ ಅಂತಲೇ 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ಒಂದು ನಿರ್ಣಯ ಮಾಡಿತು: 2024ರ ಕೊನೆಯೊಳಗೆ ಪ್ಲಾಸ್ಟಿಕ್ ಕುರಿತು ಜಾಗತಿಕ ಒಪ್ಪಂದ. 2024ರ ಡಿಸೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಮಾತುಕತೆ ಮುರಿಯಿತು. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಮತ್ತೆ ಮುರಿಯಿತು. ಜಗಳ ಒಂದೇ: ಒಪ್ಪಂದ ಬರೀ ಕಸದ ನಿರ್ವಹಣೆ ಬಗ್ಗೆ ಇರಬೇಕೋ, ಅಥವಾ ತಯಾರಿಕೆಗೂ ಮಿತಿ ಇರಬೇಕೋ? ನೂರರಷ್ಟು ದೇಶಗಳು ಮಿತಿ ಬೇಕು ಅಂದವು. ಸೌದಿ ಅರೇಬಿಯಾ, ಕುವೈತ್, ರಷ್ಯಾದಂಥ ತೈಲ ದೇಶಗಳು ಬೇಡವೇ ಬೇಡ ಅಂದವು. ಭಾರತವೂ ಮಿತಿಯ ವಿರುದ್ಧವೇ ನಿಂತಿತು.

ಭಾರತದ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು. ನಮ್ಮಲ್ಲಿ ತಲಾ ಪ್ಲಾಸ್ಟಿಕ್ ಬಳಕೆ ಶ್ರೀಮಂತ ದೇಶಗಳಿಗಿಂತ ಎಷ್ಟೋ ಕಡಿಮೆ. ಹನಿ ನೀರಾವರಿ ಪೈಪು, ಆಸ್ಪತ್ರೆಯ ಸಿರಿಂಜು, ಕುಡಿಯುವ ನೀರಿನ ಟ್ಯಾಂಕು ಎಲ್ಲವೂ ಪ್ಲಾಸ್ಟಿಕ್ಕೇ. ಎಲ್ಲರಿಗೂ ಒಂದೇ ಮಿತಿ ಅಂದರೆ ಹಿಂದುಳಿದವರಿಗೆ ಹೊಡೆತ. ಒಪ್ಪೋಣ. ಆದರೆ ಈ ವಾದ ಸಿರಿಂಜಿನ ಹೆಸರಲ್ಲಿ ಗುಟ್ಕಾ ಚೀಟಿಯನ್ನೂ ಕಾಪಾಡುತ್ತದೆ. ಬೇಕಾದ ಪ್ಲಾಸ್ಟಿಕ್ಕಿಗೆ ಜಾಗ ಕೊಟ್ಟು, ವಾಪಸ್ ತರಲಾಗದ ಪ್ಲಾಸ್ಟಿಕ್ಕಿಗೆ ಮಿತಿ ಹಾಕಿ ಅನ್ನುವ ನಡುವಿನ ದಾರಿ ಇತ್ತು. 'ಕಸ ನಾವು ನೋಡ್ಕೋತೀವಿ, ತಯಾರಿಕೆ ಮುಟ್ಟಬೇಡಿ' ಅನ್ನುವ ಮಾತಿಗೆ ಬೆಲೆ ಬರಬೇಕಾದರೆ ಕಸ ನೋಡಿಕೊಂಡ ದಾಖಲೆ ಇರಬೇಕು. ಪಚ್ಚನಾಡಿ ಇರುವ ದೇಶ ಆ ಮಾತು ಹೇಳುವುದು ಕಷ್ಟ.

ಹಾಗಾದರೆ ಮನೆಯಲ್ಲಿ ಮಾಡೋದೇನೂ ಇಲ್ಲವೇ?

ಇದೆ. ಬಟ್ಟೆ ಚೀಲ ಹಿಡಿದರೆ ಸಮುದ್ರ ಉಳಿಯುತ್ತದೆ ಅನ್ನುವ ಭಾಷಣ ನನಗೂ ಸಾಕಾಗಿದೆ. 'ನಾನೊಬ್ಬ ಮಾಡಿದರೆ ಏನಾಗುತ್ತೆ' ಅನ್ನುವ ಉಡಾಫೆಯೂ ಅಷ್ಟೇ ಸಾಕಾಗಿದೆ. ಫಲ ಜಾಸ್ತಿ ಇರುವ ಕ್ರಮದಲ್ಲಿ ಹೇಳುತ್ತೇನೆ.

ಮೊದಲನೆಯದು, ಹಸಿ ಕಸ ಬೇರೆ ಇಡೋದು. ಇದು ಪ್ಲಾಸ್ಟಿಕ್‌ನ ವಿಷಯವಲ್ಲ ಅನ್ನಿಸಬಹುದು, ಆದರೆ ಇದೇ ಎಲ್ಲಕ್ಕಿಂತ ಮುಖ್ಯ. ಸಾಂಬಾರು ಮೆತ್ತಿದ ಕವರನ್ನು ಯಾವ ಗುಜರಿಯವನೂ ಮುಟ್ಟಲ್ಲ. ಅದೇ ಕವರು ತೊಳೆದು ಒಣಗಿದ್ದರೆ ಸರಕು, ಇಲ್ಲದಿದ್ದರೆ ಕಸ. ಬೆಂಗಳೂರಿನಲ್ಲಿ ಮೂಲದಲ್ಲೇ ವಿಂಗಡಣೆ ಕಡ್ಡಾಯ ಅಂತ ಹೈಕೋರ್ಟ್ 2012ರಲ್ಲೇ ಹೇಳಿದೆ. ಎರಡನೆಯದು, ಚಿಕ್ಕ ಪ್ಯಾಕೆಟ್ಟಿನ ಬದಲು ದೊಡ್ಡದು, ಸಾಧ್ಯವಿದ್ದರೆ ಬಿಡಿ ಸಾಮಾನು. ದಿನಗೂಲಿಯಲ್ಲಿ ಬದುಕುವವರಿಗೆ ಇದನ್ನು ಹೇಳುವ ಹಕ್ಕು ನನಗಿಲ್ಲ, ತಿಂಗಳ ಸಂಬಳದವರಿಗೆ ಇದೆ. ಮೂರನೆಯದು, ಮದುವೆ-ಮುಂಜಿ, ಆಫೀಸ್ ಮೀಟಿಂಗುಗಳಲ್ಲಿ ಕಾಲು ಲೀಟರಿನ ನೀರಿನ ಬಾಟಲಿ ನಿಲ್ಲಿಸೋದು. ಒಂದು ಮದುವೆಯಲ್ಲಿ ಸ್ಟೀಲ್ ಲೋಟ ಇಟ್ಟರೆ ನಿಮ್ಮ ಮನೆಯ ಹಲವು ವರ್ಷದ ಬಾಟಲಿ ಉಳಿಯುತ್ತದೆ. ನಾಲ್ಕನೆಯದು ತೀರಾ ಚಿಕ್ಕದು: ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ, ಸೀಳು ಮಾಡಿ ಹಾಗೇ ಅಂಟಿಕೊಂಡಿರಲು ಬಿಡಿ. ಪ್ಯಾಕೆಟ್ಟನ್ನು ಗುಜರಿಯವರು ಕೊಳ್ಳುತ್ತಾರೆ. ಉಗುರಿನಷ್ಟಿರುವ ಮೂಲೆಯನ್ನು ಜಗತ್ತಿನ ಯಾವ ಯಂತ್ರವೂ ಆರಿಸಲಾರದು.

ಇಷ್ಟು ಮಾಡಿದ ಮೇಲೆ ಕೇಳುವ ಹಕ್ಕೂ ಬರುತ್ತದೆ. ಏನು ಕೇಳಬೇಕು ಅನ್ನೋದಕ್ಕೆ ಉದಾಹರಣೆಗಳು ಪಕ್ಕದಲ್ಲೇ ಇವೆ. ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದಾಗ ವಾಪಸ್ ಕೊಡುತ್ತವೆ. ಮದ್ರಾಸ್ ಹೈಕೋರ್ಟ್ ಬೆನ್ನುಬಿದ್ದು ಮಾಡಿಸಿದ ಯೋಜನೆ ಅದು. ಶೇ. 90ಕ್ಕೂ ಹೆಚ್ಚು ಬಾಟಲಿ ವಾಪಸ್ ಬಂದವು. ಅವು ಗಾಜಿನ ಬಾಟಲಿಗಳು, ನಿಜ. ಆದರೆ ತತ್ವ ಒಂದೇ: ಬೆಲೆ ಇರುವ ವಸ್ತು ಚರಂಡಿಗೆ ಬೀಳಲ್ಲ. ಗೋಲಿ ಸೋಡಾ ಕುಡಿದು ಬಾಟಲಿ ವಾಪಸ್ ಕೊಟ್ಟು ಬೆಳೆದ ನಮಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಕೇರಳದ ಕೊಲ್ಲಂನಲ್ಲಿ 2017ರಲ್ಲಿ ಶುರುವಾದ 'ಶುಚಿತ್ವ ಸಾಗರಂ' ಯೋಜನೆಯಲ್ಲಿ ಮೀನುಗಾರರು ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ನೀಂಡಕರ ಬಂದರಿಗೆ ತಂದರು. ಅದನ್ನು ಪುಡಿ ಮಾಡಿ ರಸ್ತೆ ಡಾಂಬರಿಗೆ ಬಳಸಿದರು. ಮಂಗಳೂರು, ಮಲ್ಪೆ, ಕಾರವಾರದ ಬಂದರುಗಳಲ್ಲಿ ಇಂಥದ್ದು ಕಾಯಂ ಆಗಿ ನಡೆಯಲು, ತಂದವರಿಗೆ ಕೆ.ಜಿ.ಗೆ ಇಷ್ಟು ಅಂತ ಹಣ ಕೊಡಲು ಏನು ಅಡ್ಡಿ?

ಕುಂದಾಪುರದ ವಂಡ್ಸೆಯಂಥ ಒಂದು ಗ್ರಾಮ ಪಂಚಾಯತ್ ಮನೆಮನೆಯಿಂದ ಕಸ ಸಂಗ್ರಹಿಸಿ, ವಿಂಗಡಿಸಿ, ಮಾರಿ ತೋರಿಸಿದೆ. ಅಲ್ಲಿ ವಿದೇಶಿ ಯಂತ್ರವಿರಲಿಲ್ಲ, ದಿನಾ ಬರುವ ಗಾಡಿ ಮತ್ತು ಸಮಯಕ್ಕೆ ಸಿಗುವ ಸಂಬಳ ಇತ್ತು.

ಹಾಗಾಗಿ ನನ್ನ ಸಲಹೆ ಇಷ್ಟೇ. ಮುಂದಿನ ಗ್ರಾಮಸಭೆ ಅಥವಾ ವಾರ್ಡ್ ಸಭೆಗೆ ಹೋಗಿ ಮೂರು ಅಂಕಿ ಕೇಳಿ. ನಮ್ಮೂರಿನ ಒಣ ಕಸ ದಿನಕ್ಕೆ ಎಷ್ಟು ಕಿಲೋ? ಅದರಲ್ಲಿ ಯಾರಿಗೆ ಎಷ್ಟು ಮಾರಿದಿರಿ? ಉಳಿದದ್ದು ಎಲ್ಲಿದೆ? ಮೊದಲ ಎರಡಕ್ಕೆ ಉತ್ತರ ಸಿಗಬಹುದು. ಮೂರನೆಯದಕ್ಕೆ ಉತ್ತರ ಸಿಗುವವರೆಗೆ ಎದ್ದು ಬರಬೇಡಿ. ಯಾಕಂದರೆ ಅಲ್ಲಿ ಬರುವ ಮೌನವೇ ಜೂನ್ ತಿಂಗಳ ಮೊದಲ ಮಳೆಗೆ ತೋಡಿಗೆ ಇಳಿಯುತ್ತದೆ.